ಚರ್ಮದ ಕ್ಯಾನ್ಸರ್: ರಕ್ಷಣಾ ಕಣಗಳು ಅದನ್ನು ಗುರುತಿಸುವ ಬಗೆ, ಅವಕ್ಕೆ ನಾವು ಅನುವು ಮಾಡಿಕೊಡುವ ಬಗೆ

ಕ್ಯಾನ್ಸರ್ ಎಂದು ಗೊತ್ತಾದ ಮರುದಿನವೇ ಮನೆಗೆ ಬಂದವರೆಲ್ಲ ಹೇಳುವುದು ಒಂದೇ ಮಾತು: "ಇಮ್ಯುನಿಟಿ ಹೆಚ್ಚಾಗುವಂಥದ್ದು ಏನಾದರೂ ಕೊಡಿ." ಅಮೃತಬಳ್ಳಿ ಕಷಾಯ ಕುದಿಯತೊಡಗುತ್ತದೆ, ಅಶ್ವಗಂಧದ ಚೂರ್ಣ ಬರುತ್ತದೆ. ಹೇಳುವವರ ಪ್ರೀತಿ ದೊಡ್ಡದೇ. ಆದರೆ ಚರ್ಮದ ಕ್ಯಾನ್ಸರಿನಲ್ಲಿ ರಕ್ಷಣಾ ಕಣಗಳಿಗೆ ಸಾಮಾನ್ಯವಾಗಿ ಶಕ್ತಿಯ ಕೊರತೆ ಇರುವುದಿಲ್ಲ. ಒಂದೋ ಅವಕ್ಕೆ ಕ್ಯಾನ್ಸರ್ ಕೋಶದ ಗುರುತು ಸಿಕ್ಕಿರುವುದಿಲ್ಲ, ಇಲ್ಲವೇ ಗುರುತು ಸಿಕ್ಕಿಯೂ ಅವುಗಳ ಕೈ ಕಟ್ಟಿಹಾಕಲಾಗಿರುತ್ತದೆ. ಇಂದಿನ ಇಮ್ಯುನೊಥೆರಪಿ ಮಾಡುವುದು ಆ ಕಟ್ಟು ಬಿಚ್ಚುವ ಕೆಲಸವನ್ನು. ಆ ಕೆಲಸಕ್ಕೆ ರೋಗಿಯ ಕಡೆಯಿಂದ, ಮನೆಯವರ ಕಡೆಯಿಂದ ಆಗಬೇಕಾದದ್ದು ಸಾಕಷ್ಟಿದೆ. ಆಗಬಾರದ್ದೂ ಇದೆ.

ಯಾವ ಕ್ಯಾನ್ಸರ್, ಎಲ್ಲಿ ಬರುತ್ತದೆ

ಮುಖ್ಯವಾದವು ಮೂರು. ಬೇಸಲ್ ಸೆಲ್ ಕಾರ್ಸಿನೋಮ ಮೂಗಿನ ಪಕ್ಕ, ಕಣ್ಣಿನ ಕೆಳಗೆ, ಕೆನ್ನೆಯಲ್ಲಿ ಹೊಳಪಿನ ಗುಳ್ಳೆಯಾಗಿ ಶುರುವಾಗಿ ನಿಧಾನಕ್ಕೆ ನಡುವೆ ಹುಣ್ಣಾಗುತ್ತದೆ. ನಮ್ಮ ಮೈಬಣ್ಣದವರಲ್ಲಿ ಅದು ಹೆಚ್ಚಾಗಿ ಕಪ್ಪಾಗಿಯೇ ಕಾಣುವುದರಿಂದ ಮಚ್ಚೆ ಎಂದು ಬಿಟ್ಟುಬಿಡುತ್ತಾರೆ. ಸ್ಕ್ವೇಮಸ್ ಸೆಲ್ ಕಾರ್ಸಿನೋಮ ನಮ್ಮಲ್ಲಿ ಹಳೆಯ ಸುಟ್ಟ ಕಲೆಯ ಮೇಲೆ, ವರ್ಷಗಟ್ಟಲೆ ಮಾಯದ ಕಾಲಿನ ಹುಣ್ಣಿನ ಅಂಚಿನಲ್ಲಿ, ಲಂಗದ ಲಾಡಿ ಒಂದೇ ಕಡೆ ಉಜ್ಜಿ ಉಜ್ಜಿ ದಡ್ಡುಗಟ್ಟಿದ ಸೊಂಟದಲ್ಲಿ ಏಳುತ್ತದೆ. ಮೂರನೆಯದು ಮೆಲನೋಮ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಇದು ಮೂರರಲ್ಲಿ ಅಪರೂಪದ್ದು, ಮೂರರಲ್ಲಿ ಅಪಾಯಕಾರಿ.

ಬಿಳಿಯರಲ್ಲಿ ಮೆಲನೋಮ ಬೆನ್ನು, ಕಾಲು, ಮುಖ ಎಂದು ಬಿಸಿಲು ಬೀಳುವ ಕಡೆ ಬರುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಅಂಗಾಲು, ಅಂಗೈ, ಉಗುರಿನ ಅಡಿ. ಗದ್ದೆ, ತೋಟ, ಮೀನಿನ ದಕ್ಕೆ ಎಂದು ಬರಿಗಾಲಲ್ಲಿ ನಡೆಯುವ ಊರಿನಲ್ಲಿ ಅಂಗಾಲಿನ ಕಪ್ಪು ಕಲೆಯನ್ನು ಮುಳ್ಳು ಚುಚ್ಚಿದ್ದು, ಆಣಿ, ಕಲ್ಲು ತಾಗಿದ್ದು ಎಂದುಕೊಳ್ಳುವುದು ಸಹಜ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳ ಉಗುರಿನಡಿ ಪತ್ತೆಯಾದದ್ದು ಇದೇ ಬಗೆಯ ಮೆಲನೋಮ. 1981ರಲ್ಲಿ ಅವರು ತೀರಿಕೊಂಡರು.

ಗುರುತು ಸಿಗುವುದು ಹೇಗೆ

ಚರ್ಮದ ಹೊರಪದರದಲ್ಲೇ ಕಾವಲು ಕೋಶಗಳಿವೆ. 1868ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ ವಿದ್ಯಾರ್ಥಿಯಾಗಿದ್ದಾಗಲೇ ಇವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಕವಲು ಚಾಚಿದ ರೂಪ ನೋಡಿ ನರಕೋಶ ಎಂದು ಭಾವಿಸಿದ್ದರು. ಸತ್ತ ಕೋಶಗಳ ಚೂರುಗಳನ್ನು ನುಂಗಿ, ರಕ್ಷಣಾ ಕಣಗಳು ನೆಲೆಸಿರುವ ಹತ್ತಿರದ ಲಿಂಫ್ ಗಂಟಿಗೆ ಹೋಗುವುದು ಈ ಕೋಶಗಳ, ಮತ್ತು ಒಳಪದರದಲ್ಲಿರುವ ಇವುಗಳ ಬಂಧುಗಳ ಕೆಲಸ. ಅಂಗಾಲಿನಿಂದ ಹೊರಟವು ತೊಡೆಸಂದಿಗೆ ಹೋಗುತ್ತವೆ, ಕೈಬೆರಳಿನಿಂದ ಹೊರಟವು ಕಂಕುಳಿಗೆ. ಅಲ್ಲಿ ತಾವು ತಂದ ಚೂರನ್ನು ಟಿ ಕಣಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಒಂದೊಂದು ಟಿ ಕಣವೂ ಒಂದೊಂದು ಬಗೆಯ ಚೂರನ್ನು ಮಾತ್ರ ಓದಬಲ್ಲದು. ತನ್ನ ಪಾಲಿನದು ಸಿಕ್ಕ ಕಣ ಅಲ್ಲೇ ಸಾವಿರಾರು ಪಟ್ಟು ಹೆಚ್ಚಿ, ರಕ್ತದ ಮೂಲಕ ಗೆಡ್ಡೆಯತ್ತ ಹೊರಡುತ್ತದೆ.

ಆ ಚೂರು ಯಾವುದು? ದೇಹದ ಬಹುತೇಕ ಕೋಶಗಳು ತಮ್ಮೊಳಗಿನ ಪ್ರೋಟೀನುಗಳನ್ನು ಕತ್ತರಿಸಿ, ಎಂಟರಿಂದ ಹತ್ತು ಅಮೈನೊ ಆಮ್ಲದಷ್ಟು ಉದ್ದದ ತುಣುಕುಗಳನ್ನು ಎಚ್‌ಎಲ್‌ಎ ಎಂಬ ಅಣುವಿನ ಮೇಲಿಟ್ಟು ಹೊರಗೆ ಹಿಡಿಯುತ್ತವೆ. ಕಿಡ್ನಿ ಕಸಿಗೆ ಮುನ್ನ ಹೊಂದಾಣಿಕೆ ನೋಡುವುದು ಇದೇ ಎಚ್‌ಎಲ್‌ಎಯನ್ನು. ಆರೋಗ್ಯವಂತ ಕೋಶದ ತುಣುಕು ಕಂಡರೆ ಟಿ ಕಣ ಸುಮ್ಮನೆ ಮುಂದೆ ಹೋಗುತ್ತದೆ. ಕ್ಯಾನ್ಸರ್ ಕೋಶದ ಜೀನು ಕೆಟ್ಟು ಪ್ರೋಟೀನು ಬದಲಾಗಿದ್ದರೆ ತುಣುಕು ಪರಕೀಯವಾಗಿ ಕಾಣುತ್ತದೆ. ಮನುಷ್ಯರ ಮೆಲನೋಮದಲ್ಲಿ ಟಿ ಕಣಗಳು ಗುರುತಿಸುವ ತುಣುಕನ್ನು ಕೊಡುವ ಜೀನುಗಳಲ್ಲಿ ಮೊದಲು ಸಿಕ್ಕದ್ದು ಮೇಜ್-1. ಅದನ್ನು ಬೆಲ್ಜಿಯಮ್‌ನಲ್ಲಿ ಥಿಯರಿ ಬೂನ್ ಅವರ ತಂಡ 1991ರಲ್ಲಿ ಪತ್ತೆಹಚ್ಚಿತು.

ಬಿಸಿಲಿನ ಅಲ್ಟ್ರಾವಯೊಲೆಟ್ ಕಿರಣದಿಂದ ಹುಟ್ಟಿದ ಮೆಲನೋಮದಲ್ಲಿ ಕೆಟ್ಟ ಜೀನುಗಳು ಬಹಳ, ಆದ್ದರಿಂದ ಗುರುತೂ ಬಹಳ. ಅಂಗಾಲಿನ ಮೆಲನೋಮಕ್ಕೆ ಬಿಸಿಲು ಕಾರಣವಲ್ಲ. ಅದರಲ್ಲಿ ಅಂಥ ಬದಲಾವಣೆ ಕಡಿಮೆ, ಗುರುತೂ ಕಡಿಮೆ. ಹೀಗಾಗಿ ಪಾಶ್ಚಾತ್ಯ ಅಧ್ಯಯನಗಳ ಯಶಸ್ಸಿನ ಅಂಕಿಗಳನ್ನು ನಮ್ಮ ರೋಗಿಗಳಿಗೆ ಹಾಗೆಯೇ ಹಚ್ಚಬಾರದು. ವೈದ್ಯರ ಜೊತೆ ಕೂತಾಗ "ಇದು ಅಂಗಾಲಿನ ಬಗೆಯದ್ದಾ, ಬಿಸಿಲಿನ ಬಗೆಯದ್ದಾ" ಎಂದು ಕೇಳುವುದು ಮೊದಲ ಪ್ರಶ್ನೆಯಾಗಿರಲಿ.

ಗೆಡ್ಡೆ ತಲುಪಿದ ಟಿ ಕಣ ಕ್ಯಾನ್ಸರ್ ಕೋಶಕ್ಕೆ ಅಂಟಿಕೊಂಡು ಪರ್ಫೊರಿನ್ ಎಂಬ ಪ್ರೋಟೀನಿನಿಂದ ತೂತು ಕೊರೆಯುತ್ತದೆ, ಆ ತೂತಿನಿಂದ ಗ್ರ್ಯಾನ್‌ಜೈಮ್ ಎಂಬ ಕಿಣ್ವವನ್ನು ಒಳಗಿಳಿಸುತ್ತದೆ, ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ನಂತರ ಅದೇ ಟಿ ಕಣ ಮುಂದಿನ ಕೋಶಕ್ಕೆ ಹೋಗುತ್ತದೆ. ದಾಳಿಯ ನಡುವೆ ಅದು ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶವನ್ನೂ ಸೂಸುತ್ತದೆ. ಕ್ಯಾನ್ಸರ್ ತಪ್ಪಿಸಿಕೊಳ್ಳುವುದು ಇದೇ ಸಂದೇಶವನ್ನು ಹಿಡಿದು. ಇಂಟರ್‌ಫೆರಾನ್ ತಾಗಿದ ಕೋಶ ತನ್ನ ಮೈಮೇಲೆ ಪಿಡಿ-ಎಲ್1 ಎಂಬ ಪ್ರೋಟೀನನ್ನು ಹೊದೆಯುತ್ತದೆ. ಅದು ಟಿ ಕಣದ ಪಿಡಿ-1 ಎಂಬ ಗುಂಡಿಯನ್ನು ಒತ್ತಿದರೆ ಟಿ ಕಣ ಬ್ರೇಕ್ ಹಾಕಿದ ಗಾಡಿಯಂತೆ ನಿಂತುಬಿಡುತ್ತದೆ. ಇನ್ನು ಕೆಲವು ಕ್ಯಾನ್ಸರ್ ಕೋಶಗಳು ಎಚ್‌ಎಲ್‌ಎಯನ್ನೇ ಮೈಮೇಲಿಂದ ಕಿತ್ತೊಗೆದು ಕಾಣಿಸದಂತಾಗುತ್ತವೆ.

ಈ ಕಾವಲು ಪ್ರತಿದಿನ ನಡೆಯುತ್ತಿದೆ ಎನ್ನುವುದಕ್ಕೆ ಗಟ್ಟಿ ಸಾಕ್ಷಿ ಅಂಗ ಕಸಿ ಮಾಡಿಸಿಕೊಂಡವರು. ರೋಗನಿರೋಧಕತೆ ತಗ್ಗಿಸುವ ಮಾತ್ರೆ ತಿನ್ನುವ ಬಿಳಿಯರಲ್ಲಿ ಸ್ಕ್ವೇಮಸ್ ಕ್ಯಾನ್ಸರ್ ಹತ್ತಾರು ಪಟ್ಟು ಹೆಚ್ಚು. ನಮ್ಮಲ್ಲೂ ಕಿಡ್ನಿ ಕಸಿಯಾದವರು ವರ್ಷಕ್ಕೊಮ್ಮೆ ಚರ್ಮರೋಗ ತಜ್ಞರಿಗೆ ಇಡೀ ಮೈ ತೋರಿಸಬೇಕು. ಹೆದರಿ ಮಾತ್ರೆ ನಿಲ್ಲಿಸಬಾರದು, ಕಿಡ್ನಿ ಹೋಗುತ್ತದೆ.

ಮನೆಯಲ್ಲಿ ನೋಡುವ ಕ್ರಮ

ತಿಂಗಳಿಗೊಮ್ಮೆ, ಸ್ನಾನದ ನಂತರ, ಕಿಟಕಿಯ ಬೆಳಕಿನಲ್ಲಿ. ಅಂಗಾಲು, ಹಿಮ್ಮಡಿ, ಬೆರಳ ಸಂದಿ, ಇಪ್ಪತ್ತೂ ಉಗುರು, ಅಂಗೈ. ವಯಸ್ಸಾದವರಿಗೆ ತಮ್ಮ ಅಂಗಾಲು ತಮಗೆ ಕಾಣುವುದಿಲ್ಲ, ಮಕ್ಕಳೋ ಮೊಮ್ಮಕ್ಕಳೋ ಮೊಬೈಲಿನಲ್ಲಿ ಫೋಟೊ ತೆಗೆಯಲಿ. ಕಲೆಯ ಪಕ್ಕ ಸ್ಕೇಲ್ ಇಟ್ಟು, ಫ್ಲ್ಯಾಶ್ ಇಲ್ಲದೆ, ಒಂದು ಗೇಣು ದೂರದಿಂದ ತೆಗೆದರೆ ಮುಂದಿನ ತಿಂಗಳಿನದಕ್ಕೆ ಹೋಲಿಸಲು ಬರುತ್ತದೆ. ಕಲೆಯ ಎರಡು ಅರ್ಧ ಒಂದೇ ಥರ ಇಲ್ಲದಿರುವುದು, ಅಂಚು ಹರಿದಂತಿರುವುದು, ಒಂದೇ ಕಲೆಯಲ್ಲಿ ಎರಡು ಮೂರು ಬಣ್ಣ, 6 ಮಿಲಿಮೀಟರಿಗಿಂತ ದೊಡ್ಡದು, ದಿನೇ ದಿನೇ ಬದಲಾಗುತ್ತಿರುವುದು: ಇದರಲ್ಲಿ ಯಾವುದಿದ್ದರೂ ತೋರಿಸಿ. ಅಂಗಾಲಿನ ಮೆಲನೋಮ ಕೆಲವೊಮ್ಮೆ ಬಣ್ಣವೇ ಇಲ್ಲದೆ ಕೆಂಪು ಹುಣ್ಣಿನಂತಿರುತ್ತದೆ. ಆದ್ದರಿಂದ ಆರು ವಾರದಲ್ಲಿ ಮಾಯದ ಅಂಗಾಲಿನ ಹುಣ್ಣನ್ನು, ಸಕ್ಕರೆ ಕಾಯಿಲೆ ಇದ್ದವರದ್ದಾದರೂ, ಬರೀ ಡ್ರೆಸಿಂಗ್ ಮಾಡಿಕೊಂಡು ಹೋಗಬೇಡಿ.

ಉಗುರಿನ ವಿಷಯ ಸ್ವಲ್ಪ ಸೂಕ್ಷ್ಮ. ಕಂದು ಮೈಬಣ್ಣದವರ ಹಲವು ಉಗುರುಗಳಲ್ಲಿ ತೆಳ್ಳನೆಯ ಕಂದು ಗೀಟು ಇರುವುದು ಸಾಮಾನ್ಯ, ಭಯ ಬೇಡ. ಒಂದೇ ಉಗುರಿನಲ್ಲಿ, ಅದರಲ್ಲೂ ಹೆಬ್ಬೆರಳಿನಲ್ಲಿ, ಹೊಸದಾಗಿ ಬಂದ ಗೀಟು 3 ಮಿಲಿಮೀಟರಿಗಿಂತ ಅಗಲವಾಗುತ್ತಿದ್ದರೆ, ಅಥವಾ ಕಪ್ಪು ಬಣ್ಣ ಉಗುರು ದಾಟಿ ಬುಡದ ಚರ್ಮಕ್ಕೂ ಇಳಿದಿದ್ದರೆ, ಅದೇ ವಾರ ತೋರಿಸಬೇಕು. ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದ್ದೋ ಎಂಬ ಅನುಮಾನವಿದ್ದರೆ, ಕಪ್ಪಿನ ಹಿಂದಿನ ಅಂಚಿನ ನೇರಕ್ಕೆ ಉಗುರಿನ ಮೇಲೆ ಫೈಲಿನಿಂದ ಸಣ್ಣ ಗೀರು ಹಾಕಿ ಫೋಟೊ ತೆಗೆಯಿರಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲಿನದು ಅದರ ಅರ್ಧ. ಗೀರಿನ ಜೊತೆಯಲ್ಲೇ ಕಪ್ಪೂ ಮುಂದೆ ಸರಿದು ಹಿಂದೆ ಶುಭ್ರ ಉಗುರು ಬಂದರೆ ಅದು ರಕ್ತ. ಗೀರು ಸರಿದು ಕಪ್ಪು ಬುಡದಲ್ಲೇ ಉಳಿದರೆ ರಕ್ತವಲ್ಲ. ಇದಕ್ಕೆ ಒಂದು ತಿಂಗಳು ಸಾಕು, ಎರಡನೆಯ ತಿಂಗಳು ಕಾಯುವುದು ಬೇಡ.

ನಮ್ಮ ಕಡೆ ಕಣ್ಣು ತಪ್ಪಿಸುವ ಬಣ್ಣಗಳು ಹಲವು. ಅಡಿಕೆ ಸುಲಿಯುವವರ ಬೆರಳಿಗೆ ಹತ್ತಿದ ಚೊಗರು, ಗೇರುಬೀಜ ಕಾರ್ಖಾನೆಯಲ್ಲಿ ಸಿಪ್ಪೆಯ ಎಣ್ಣೆ ತಾಗಿ ಕಪ್ಪಾದ ಅಂಗೈ, ಮದುವೆಯ ಮದರಂಗಿ. ಚರ್ಮದ ಮೇಲಿನ ಕರೆ ಒಂದೆರಡು ವಾರಗಳಲ್ಲಿ ಸಿಪ್ಪೆಯೊಡನೆ ಹೋಗುತ್ತದೆ. ಉಗುರಿಗೆ ಹಿಡಿದ ಮದರಂಗಿ ಮಾತ್ರ ಉಗುರು ಪೂರ್ತಿ ಬೆಳೆಯುವ ತನಕ ಇರುತ್ತದೆ, ಅದರಡಿಯ ಬಣ್ಣವನ್ನು ಮುಚ್ಚುತ್ತದೆ. ಗೀಟು ಇರುವ ಉಗುರಿಗೆ ಮದರಂಗಿಯೂ ಬೇಡ, ನೈಲ್ ಪಾಲಿಶೂ ಬೇಡ.

ಬಯಾಪ್ಸಿ: ಕೈತಪ್ಪಿದರೆ ಮತ್ತೆ ಸಿಗದ ಮಾಹಿತಿ

ಅನುಮಾನದ ಕಲೆಗೆ ಆಣಿಯ ಆಸಿಡ್ ಹಚ್ಚುವುದು, ಬ್ಲೇಡಿನಲ್ಲಿ ಕೆತ್ತುವುದು, ಪಾರ್ಲರಿನಲ್ಲಿ ಮಚ್ಚೆ ಸುಡಿಸುವುದು ಮೂರೂ ಒಂದೇ ಕೇಡು ಮಾಡುತ್ತವೆ: ಗೆಡ್ಡೆ ಎಷ್ಟು ಆಳ ಇಳಿದಿತ್ತು ಎಂಬ ಅಳತೆ ಶಾಶ್ವತವಾಗಿ ಹೋಗುತ್ತದೆ. ಮೆಲನೋಮದ ಮುಂದಿನ ಎಲ್ಲ ತೀರ್ಮಾನ ನಿಲ್ಲುವುದೇ ಆ ಅಳತೆಯ ಮೇಲೆ. ಸಾಧ್ಯವಿದ್ದಲ್ಲಿ ಇಡೀ ಕಲೆಯನ್ನು ಸುತ್ತ 1ರಿಂದ 3 ಮಿಲಿಮೀಟರ್ ಒಳ್ಳೆಯ ಚರ್ಮ ಸೇರಿಸಿ, ಕೊಬ್ಬಿನ ಪದರದ ತನಕ ತೆಗೆಯುವುದು ಸರಿಯಾದ ಕ್ರಮ. ಅಂಗಾಲಿನ ದೊಡ್ಡ ಕಲೆಯಾದರೆ ಅತಿ ದಪ್ಪಗಿರುವ ಅಥವಾ ಅತಿ ಕಪ್ಪಾಗಿರುವ ಜಾಗದಿಂದ ಕೊಳವೆಯಂಥ ಬ್ಲೇಡಿನಲ್ಲಿ ಸಣ್ಣ ತುಂಡು ತೆಗೆಯುವ ಪಂಚ್ ಬಯಾಪ್ಸಿ. ತುಂಡು ಹೋಗಬೇಕಾದದ್ದು ಶೇ. 10ರ ಫಾರ್ಮಲಿನ್‌ನಲ್ಲಿ, ತುಂಡಿನ ಹತ್ತು ಪಟ್ಟು ದ್ರಾವಣದಲ್ಲಿ. ಸಣ್ಣ ಕ್ಲಿನಿಕ್ಕಿನಿಂದ ದೊಡ್ಡ ಲ್ಯಾಬಿಗೆ ಬಸ್ಸಿನಲ್ಲಿ ಕಳಿಸುವಾಗ ಸಲೈನ್‌ನಲ್ಲಿ ಹಾಕಿದರೆ ಕೋಶಗಳು ಕೊಳೆತು ವರದಿ ಬರುವುದಿಲ್ಲ.

ವರದಿ ಕೈಗೆ ಬಂದಾಗ ಹುಡುಕಬೇಕಾದದ್ದು ಬ್ರೆಸ್ಲೊ ದಪ್ಪ (ಗೆಡ್ಡೆ ಇಳಿದಿರುವ ಆಳ) ಎಷ್ಟು ಮಿಲಿಮೀಟರ್, ಮೇಲೆ ಹುಣ್ಣಾಗಿದೆಯೇ, ಅಂಚಿನಲ್ಲಿ ಗೆಡ್ಡೆ ಉಳಿದಿದೆಯೇ. ಇನ್ನೊಂದು ಸಾಲು ಇರುತ್ತದೆ, ಬಹಳ ಮಂದಿ ಓದದೆ ಬಿಡುವುದು: ಟ್ಯೂಮರ್ ಇನ್‌ಫಿಲ್‌ಟ್ರೇಟಿಂಗ್ ಲಿಂಫೊಸೈಟ್ಸ್. ಟಿ ಕಣಗಳು ಗೆಡ್ಡೆಯ ಒಳಗೆ ನುಗ್ಗಿವೆಯೇ ಎಂಬುದರ ನೇರ ಸಾಕ್ಷಿ ಅದು. "ಬ್ರಿಸ್ಕ್" ಎಂದಿದ್ದರೆ ಗೆಡ್ಡೆಯ ತುಂಬ ಅಥವಾ ಬುಡದುದ್ದಕ್ಕೂ ನುಗ್ಗಿವೆ, "ನಾನ್‌ಬ್ರಿಸ್ಕ್" ಎಂದರೆ ಅಲ್ಲಲ್ಲಿ, "ಆಬ್ಸೆಂಟ್" ಎಂದರೆ ಒಳಗೆ ಕಾಲಿಟ್ಟಿಲ್ಲ. ಬ್ರಿಸ್ಕ್ ಇದ್ದವರ ಮುನ್ನೋಟ ಸಾಮಾನ್ಯವಾಗಿ ಉತ್ತಮ.

ದಪ್ಪ 1 ಮಿಲಿಮೀಟರ್ ದಾಟಿದ್ದರೆ ತೊಡೆಸಂದಿನ ಅಥವಾ ಕಂಕುಳಿನ ಮೊದಲ ಲಿಂಫ್ ಗಂಟನ್ನು ಹುಡುಕಿ ತೆಗೆದು ನೋಡುವ ಸೆಂಟಿನೆಲ್ ಪರೀಕ್ಷೆ ಬೇಕೇ ಎಂದು ಕೇಳಿ. ಮಣಿಪಾಲದಲ್ಲೂ ಮಂಗಳೂರಿನಲ್ಲೂ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮಾಡುವ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಬೈಂದೂರು, ಕಾರ್ಕಳ, ಸುಳ್ಯದಂಥ ಕಡೆಯವರು ಮೊದಲ ಬಯಾಪ್ಸಿಗೇ ಅಲ್ಲಿಗೆ ಹೋಗುವುದು ಉತ್ತಮ, ಅರ್ಧ ತೆಗೆಸಿಕೊಂಡು ಹೋಗುವುದಕ್ಕಿಂತ.

ಮೇಲ್ಪದರದಲ್ಲೇ ಇರುವ ಬೇಸಲ್ ಸೆಲ್ ಕ್ಯಾನ್ಸರಿಗೆ, ಶಸ್ತ್ರಚಿಕಿತ್ಸೆ ಕಷ್ಟವಾದ ಕಡೆ, ಶೇ. 5ರ ಇಮಿಕ್ವಿಮೋಡ್ ಕ್ರೀಮ್ ಬರೆದುಕೊಡುವುದುಂಟು. ಅದು ಕ್ಯಾನ್ಸರನ್ನು ಸುಡುವ ಔಷಧಿಯಲ್ಲ, ಚರ್ಮದ ರಕ್ಷಣಾ ಕೋಶಗಳನ್ನು ಆ ಜಾಗಕ್ಕೆ ಕರೆಸುವಂಥದ್ದು. ವಾರಕ್ಕೆ ಐದು ರಾತ್ರಿ, ಆರು ವಾರ, ಸುಮಾರು ಎಂಟು ಗಂಟೆ ಬಿಟ್ಟು ಬೆಳಿಗ್ಗೆ ತೊಳೆಯಬೇಕು. ಎರಡನೆಯ ವಾರದ ಹೊತ್ತಿಗೆ ಜಾಗ ಕೆಂಪಾಗಿ ಹಕ್ಕಳೆ ಕಟ್ಟುತ್ತದೆ. ಅಲರ್ಜಿ ಎಂದು ಹೆದರಿ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಕ್ರೀಮ್ ತಂದು ಹಚ್ಚಿದರೆ ಕರೆಸಿದ ಕೋಶಗಳನ್ನೇ ಓಡಿಸಿದಂತೆ. ಉರಿ ತಡೆಯಲಾಗದಿದ್ದರೆ ವೈದ್ಯರನ್ನು ಕೇಳಿ ಕೆಲವು ದಿನ ಬಿಡುವು ಕೊಡಬಹುದು.

ಬ್ರೇಕ್ ತೆಗೆಯುವ ಔಷಧಿ

ಟಿ ಕಣಕ್ಕೆ ಎರಡು ಮುಖ್ಯ ಬ್ರೇಕ್‌ಗಳು. ಸಿಟಿಎಲ್‌ಎ-4 ಲಿಂಫ್ ಗಂಟಿನಲ್ಲೇ ಕಣಗಳು ಹೆಚ್ಚುವುದನ್ನು ತಡೆಯುತ್ತದೆ, ಪಿಡಿ-1 ಗೆಡ್ಡೆಯ ಬಳಿ ದಾಳಿಯನ್ನು ನಿಲ್ಲಿಸುತ್ತದೆ. ಮೊದಲನೆಯದನ್ನು ತಡೆದರೆ ಗೆಡ್ಡೆ ಕರಗುತ್ತದೆ ಎಂದು ತೋರಿಸಿದ ಅಮೆರಿಕದ ಜೇಮ್ಸ್ ಆಲಿಸನ್, 1992ರಲ್ಲಿ ಪಿಡಿ-1 ಕಂಡುಹಿಡಿದ ಜಪಾನಿನ ತಸುಕು ಹೊಂಜೊ ಇಬ್ಬರಿಗೂ 2018ರ ನೊಬೆಲ್ ಬಂತು. ಸಿಟಿಎಲ್‌ಎ-4 ತಡೆಯುವ ಇಪಿಲಿಮುಮ್ಯಾಬ್ 2011ರಲ್ಲಿ, ಪಿಡಿ-1 ತಡೆಯುವ ಪೆಂಬ್ರೊಲಿಜುಮ್ಯಾಬ್ ಮತ್ತು ನಿವೊಲುಮ್ಯಾಬ್ 2014ರಲ್ಲಿ ಅಮೆರಿಕದಲ್ಲಿ ಮೆಲನೋಮಕ್ಕೆ ಒಪ್ಪಿಗೆ ಪಡೆದವು.

ಪೆಂಬ್ರೊಲಿಜುಮ್ಯಾಬ್ ಮೂರು ವಾರಕ್ಕೊಮ್ಮೆ 200 ಮಿಲಿಗ್ರಾಂ ಅಥವಾ ಆರು ವಾರಕ್ಕೊಮ್ಮೆ 400. ನಿವೊಲುಮ್ಯಾಬ್ ಎರಡು ವಾರಕ್ಕೊಮ್ಮೆ 240 ಅಥವಾ ನಾಲ್ಕು ವಾರಕ್ಕೊಮ್ಮೆ 480. ಅರ್ಧ ಗಂಟೆಯ ಡ್ರಿಪ್, ಅದೇ ದಿನ ಮನೆಗೆ. ದೂರದಿಂದ ಬರುವವರು ದೊಡ್ಡ ಅಂತರದ ಡೋಸ್ ಕೇಳಿದರೆ ಮಳೆಗಾಲದಲ್ಲಿ ಅರ್ಧ ಓಡಾಟ ಉಳಿಯುತ್ತದೆ. ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಎರಡನ್ನೂ ಸೇರಿಸಿ ಕೊಟ್ಟ ದೊಡ್ಡ ಅಧ್ಯಯನದಲ್ಲಿ, ದೇಹದಲ್ಲಿ ಹರಡಿದ ಮೆಲನೋಮದ ಶೇ. 43ರಷ್ಟು ರೋಗಿಗಳು ಹತ್ತು ವರ್ಷದ ನಂತರವೂ ಬದುಕಿದ್ದರು. ಈ ಔಷಧಿಗಳಿಗೆ ಮುಂಚೆ ಅಂಥ ರೋಗಿಗಳಲ್ಲಿ ಹೆಚ್ಚಿನವರು ಒಂದು ವರ್ಷ ಕಾಣುತ್ತಿರಲಿಲ್ಲ. ಆ ಜೋಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತೀವ್ರ ಅಡ್ಡಪರಿಣಾಮವೂ ಆಗಿತ್ತು ಎಂಬುದನ್ನು ಅದರ ಜೊತೆಗೇ ಹೇಳಬೇಕು.

ಡೋಸಿನ ಬೆಲೆ ಲಕ್ಷದ ಲೆಕ್ಕದಲ್ಲಿರುತ್ತದೆ. ಯಾವ ಔಷಧಿ, ಎಷ್ಟು ಡೋಸ್ ಎಂದು ಬರೆಸಿಕೊಂಡು, ರೇಷನ್ ಕಾರ್ಡ್ ಮತ್ತು ಆಧಾರ್ ಹಿಡಿದು ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕೇಳಿ. ಔಷಧ ಕಂಪನಿಯ ರೋಗಿ ನೆರವು ಯೋಜನೆ ಇದೆಯೇ ಎಂದು ಆಂಕಾಲಜಿ (ಕ್ಯಾನ್ಸರ್ ಚಿಕಿತ್ಸೆ) ವಿಭಾಗದಲ್ಲಿ ವಿಚಾರಿಸಿ. ಮೊದಲ ಡೋಸಿಗೆ ಮುಂಚೆಯೇ ಕೇಳಿ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ತಂಡ ತಲೆ-ಕತ್ತಿನ ಕ್ಯಾನ್ಸರಿನಲ್ಲಿ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಸೇರಿಸಿ ಲಾಭ ತೋರಿಸಿದೆ. ಅದು ಬೇರೆ ಮಾತ್ರೆಗಳ ಜೊತೆಗೆ, ಬೇರೆ ಕ್ಯಾನ್ಸರಿಗೆ. ಮೆಲನೋಮಕ್ಕೂ ಅಷ್ಟೇ ಸಾಕು ಎಂದು ಅದರಿಂದ ತೀರ್ಮಾನಿಸಲು ಬರುವುದಿಲ್ಲ.

ಮೊದಲ ಡೋಸಿಗೆ ಮುನ್ನ

ಥೈರಾಯ್ಡ್, ಲಿವರ್, ಕ್ರಿಯಾಟಿನಿನ್, ಸಕ್ಕರೆ, ಬೆಳಗಿನ ಕಾರ್ಟಿಸಾಲ್ (ಅಡ್ರಿನಲ್ ಗ್ರಂಥಿಯ ಹಾರ್ಮೋನು), ಇಸಿಜಿ, ಎದೆಯ ಸ್ಕ್ಯಾನ್, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆ ಆಗಿರಲಿ. ಮುಂದೆ ಏನಾದರೂ ಏರುಪೇರಾದಾಗ ಹೋಲಿಸಲು ಇವೇ ಆಧಾರ. ಹಿಂದೆ ಕ್ಷಯ ಬಂದಿದ್ದರೆ ಹೇಳಿ. ಅಡ್ಡಪರಿಣಾಮಕ್ಕೆ ಕೊಡುವ ಕೆಲವು ಔಷಧಿಗಳು ಅದನ್ನು ಕೆರಳಿಸುತ್ತವೆ. ಆಮವಾತ, ಸೋರಿಯಾಸಿಸ್, ಅಂಗ ಕಸಿ ಇದ್ದರೂ ಮುಚ್ಚಿಡಬೇಡಿ. ಕಸಿಯ ಕಿಡ್ನಿಯನ್ನು ಬ್ರೇಕ್ ಬಿಟ್ಟ ಟಿ ಕಣ ತಿರಸ್ಕರಿಸುವ ಅಪಾಯ ನಿಜವಾದದ್ದು.

ಗಂಟುನೋವಿಗೆ, ದಮ್ಮಿಗೆ ಎಂದು ಹೆಸರಿಲ್ಲದ ಪುಡಿ, ಪೊಟ್ಟಣದ ಮಾತ್ರೆ ತಿನ್ನುತ್ತಿದ್ದರೆ ಅದನ್ನು ಹಾಗೆಯೇ ತಂದು ತೋರಿಸಿ. ಎಷ್ಟೋ ಪುಡಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ದಿನಕ್ಕೆ 10 ಮಿಲಿಗ್ರಾಂಗಿಂತ ಹೆಚ್ಚು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ತಿನ್ನುತ್ತ ಶುರು ಮಾಡಿದವರಲ್ಲಿ ಇಮ್ಯುನೊಥೆರಪಿಯ ಫಲ ಕಡಿಮೆ ಎಂದು ಕಂಡುಬಂದಿದೆ. ಆದರೆ ಮನೆಯಲ್ಲೇ ಏಕಾಏಕಿ ನಿಲ್ಲಿಸಬೇಡಿ, ರಕ್ತದೊತ್ತಡ ಕುಸಿಯುತ್ತದೆ.

ಕಷಾಯದ ಬಗ್ಗೆ ನಮ್ಮ ನಿಲುವು ಸ್ಪಷ್ಟ: ಚಿಕಿತ್ಸೆ ಮುಗಿಯುವ ತನಕ ಅಮೃತಬಳ್ಳಿ, ಅಶ್ವಗಂಧ ಬೇಡ. ಎರಡರಿಂದಲೂ ಲಿವರಿಗೆ ಪೆಟ್ಟಾದ ಪ್ರಕರಣಗಳು ಭಾರತದಲ್ಲೇ ದಾಖಲಾಗಿವೆ, ಅಮೃತಬಳ್ಳಿಯದ್ದು ರಕ್ಷಣಾ ಕಣಗಳೇ ಲಿವರನ್ನು ಕಾಡುವ ಬಗೆಯದ್ದು. ಇಮ್ಯುನೊಥೆರಪಿಯೂ ಅದೇ ಬಗೆಯ ಪೆಟ್ಟು ಕೊಡಬಲ್ಲದು. ಎರಡೂ ಇದ್ದಾಗ ಕಾರಣ ಯಾವುದೆಂದು ಯಾರೂ ಹೇಳಲಾರರು, ಡೋಸ್ ಮಾತ್ರ ನಿಲ್ಲುತ್ತದೆ. ಗಂಜಿ, ಮೀನು, ಬೇಳೆ, ತರಕಾರಿ ಎಂದು ಮನೆಯ ಊಟ ಧಾರಾಳ ಮಾಡಲಿ.

ಡೋಸ್ ಶುರುವಾದ ಮೇಲೆ

ಕೀಮೊದಂತೆ ಕೂದಲು ಉದುರುವುದಿಲ್ಲ, ವಾಂತಿ ಕಡಿಮೆ. ತೊಂದರೆ ಬರುವುದು ಬೇರೆ ದಾರಿಯಿಂದ: ಬ್ರೇಕ್ ಇಲ್ಲದ ಟಿ ಕಣ ನಮ್ಮದೇ ಅಂಗದ ಮೇಲೆ ತಿರುಗಿಬೀಳುತ್ತದೆ. ಚರ್ಮದ ತುರಿಕೆ, ದದ್ದು ಮೊದಲ ವಾರಗಳಲ್ಲಿ; ಕರುಳು, ಲಿವರ್ ಸಾಮಾನ್ಯವಾಗಿ ಆರನೆಯ ವಾರದ ಆಚೀಚೆ; ಗ್ರಂಥಿಗಳದ್ದು ಇನ್ನೂ ತಡ. ನಮ್ಮ ಊರಿನಲ್ಲಿ ಇವೆಲ್ಲಕ್ಕೂ ಬೇರೆ ಹೆಸರು ಸಿದ್ಧವಿರುವುದೇ ದೊಡ್ಡ ಅಪಾಯ.

ಭೇದಿಯಾದರೆ ಮಳೆಗಾಲದ ಹೊಟ್ಟೆ ಕೆಟ್ಟದ್ದು ಎಂದುಕೊಳ್ಳುತ್ತಾರೆ. ಮಾಮೂಲಿಗಿಂತ ನಾಲ್ಕು ಸಲ ಹೆಚ್ಚಿಗೆ ಹೋದರೆ, ಅಥವಾ ರಕ್ತ ಕಂಡರೆ, ಭೇದಿ ನಿಲ್ಲಿಸುವ ಮಾತ್ರೆ ತಿಂದು ಕೂರಬೇಡಿ. ಕರುಳು ತೂತಾಗುವ ತನಕ ನೋವು ಮುಚ್ಚಿಹೋಗಬಹುದು. ಜ್ವರ ಬಂದರೆ ಮಲೇರಿಯಾ, ಡೆಂಗಿ, ಇಲಿಜ್ವರದ ಪರೀಕ್ಷೆ ಖಂಡಿತ ಆಗಲಿ, ಅದರ ಜೊತೆಗೆ ಆಂಕಾಲಜಿಗೂ ತಿಳಿಸಿ. ಒಣಕೆಮ್ಮು ಮತ್ತು ಮೆಟ್ಟಿಲು ಹತ್ತಿದರೆ ಏದುಸಿರು ಶ್ವಾಸಕೋಶದ ಉರಿಯೂತ ಇರಬಹುದು. ಕಣ್ಣು ಹಳದಿಯಾದರೆ ಕಾಮಾಲೆಯ ಹಳ್ಳಿಮದ್ದಿಗೆ ಓಡದೆ ಅದೇ ದಿನ ಲಿವರ್ ಪರೀಕ್ಷೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಎಂದರೆ ಹೊಸದಾಗಿ ಬಂದ ಇನ್ಸುಲಿನ್ ಕೊರತೆ ಇರಬಹುದು, ಅದು ಗಂಟೆಗಳಲ್ಲಿ ಕೈಮೀರಬಲ್ಲದು. ಎದೆನೋವು, ರೆಪ್ಪೆ ಇಳಿಬೀಳುವುದು, ತೋಳು-ತೊಡೆಯ ಸ್ನಾಯುಗಳಲ್ಲಿ ಬಲ ಇಲ್ಲದಿರುವುದು ಒಟ್ಟಿಗೆ ಕಂಡರೆ ಹೃದಯದ ಸ್ನಾಯುವಿಗೆ ಪೆಟ್ಟಾಗಿರಬಹುದು. ಅಪರೂಪ, ಆದರೆ ಪ್ರಾಣಕ್ಕೇ ಬರುವಂಥದ್ದು, ರಾತ್ರಿಯಾದರೂ ಹೊರಡಿ.

ಕ್ಯಾಶುವಾಲ್ಟಿಯಲ್ಲಿ ಮೊದಲ ವಾಕ್ಯ ಹೀಗಿರಲಿ: "ಡಾಕ್ಟ್ರೇ, ಇವರು ತಗೊಳ್ತಿರುವುದು ಕೀಮೊ ಅಲ್ಲ, ಇಮ್ಯುನೊಥೆರಪಿ. ಔಷಧಿ ಇದು, ಕೊನೆಯ ಡೋಸ್ ಈ ತಾರೀಕು." ಔಷಧಿಯ ಹೆಸರು, ತಾರೀಕು, ಆಂಕಾಲಜಿ ವಾರ್ಡಿನ ನಂಬರ್ ಬರೆದ ಚೀಟಿ ರೋಗಿಯ ಪರ್ಸಿನಲ್ಲೂ ಮನೆಯವರ ಮೊಬೈಲಿನಲ್ಲೂ ಇರಬೇಕು.

ತೀವ್ರ ಅಡ್ಡಪರಿಣಾಮಕ್ಕೆ ಕೊಡುವುದು ದೇಹತೂಕದ ಕಿಲೋಗೆ 1ರಿಂದ 2 ಮಿಲಿಗ್ರಾಂ ಲೆಕ್ಕದ ಪ್ರೆಡ್ನಿಸೊಲೋನ್ ಅಥವಾ ಅದಕ್ಕೆ ಸಮನಾದ ಸ್ಟೀರಾಯ್ಡ್. ಮೂರು ದಿನದಲ್ಲಿ ಹಾಯೆನಿಸಿತೆಂದು ನಿಲ್ಲಿಸಿದರೆ ಉರಿಯೂತ ಮೊದಲಿಗಿಂತ ಜೋರಾಗಿ ಮರುಕಳಿಸುತ್ತದೆ. ನಾಲ್ಕರಿಂದ ಆರು ವಾರ ಬಿಡದೆ ಇಳಿಸುತ್ತ ಬರಬೇಕು. ಹೀಗೆ ಅಡ್ಡಪರಿಣಾಮಕ್ಕೆ ಸ್ಟೀರಾಯ್ಡ್ ಕೊಟ್ಟರೆ ಕ್ಯಾನ್ಸರಿನ ಮೇಲಿನ ಹಿಡಿತ ತಪ್ಪಿಹೋಗುತ್ತದೆ ಎಂದು ಹೆದರುವುದು ಬೇಡ. ಥೈರಾಯ್ಡ್, ಪಿಟ್ಯುಟರಿ, ಅಡ್ರಿನಲ್‌ಗೆ ಆದ ಪೆಟ್ಟು ಹೆಚ್ಚಾಗಿ ಶಾಶ್ವತ. ಕಾರ್ಟಿಸಾಲ್, ಥೈರಾಯ್ಡ್ ಎರಡೂ ಬಿದ್ದಿದ್ದರೆ ಹೈಡ್ರೊಕಾರ್ಟಿಸೋನ್ ಮೊದಲು, ಥೈರಾಯ್ಡ್ ಮಾತ್ರೆ ನಂತರ. ಈ ಕ್ರಮ ತಿರುಗಾಮುರುಗಾ ಆದರೆ ರೋಗಿ ಕುಸಿದುಬೀಳಬಹುದು.

ಚಿಕಿತ್ಸೆಯ ನಡುವೆ ಮೈಮೇಲೆ ಬಿಳಿ ಮಚ್ಚೆ ಎದ್ದರೆ ಮನೆಯವರು ತೊನ್ನು ಎಂದು ಕಳವಳಪಡುತ್ತಾರೆ, ಮದುವೆಗೆ ಬಂದ ಮಕ್ಕಳಿರುವ ಮನೆಯಲ್ಲಿ ಇನ್ನೂ ಹೆಚ್ಚು. ಅದು ಅಂಟುವುದಿಲ್ಲ, ಮಕ್ಕಳಿಗೂ ಬರುವುದಿಲ್ಲ. ಮೆಲನೋಮ ಕೋಶವೂ ಸಾಧಾರಣ ಬಣ್ಣದ ಕೋಶವೂ ಟೈರೊಸಿನೇಸ್, ಮಾರ್ಟ್-1, ಜಿಪಿ100 ಎಂಬ ಒಂದೇ ಪ್ರೋಟೀನುಗಳ ತುಣುಕು ತೋರಿಸುವುದರಿಂದ ಟಿ ಕಣ ಎರಡನ್ನೂ ಹೊಡೆಯುತ್ತಿದೆ ಎಂದರ್ಥ. ಮೆಲನೋಮ ರೋಗಿಗಳಲ್ಲಿ ಇದು ಔಷಧಿ ಹಿಡಿದಿರುವುದರ ಒಳ್ಳೆಯ ಸೂಚನೆ. ಬಿಳಿ ಜಾಗ ಬಿಸಿಲಿಗೆ ಬೇಗ ಸುಡುತ್ತದೆ, ಉದ್ದ ತೋಳಿನ ಬಟ್ಟೆ ಹಾಕಿ.

ಮೊದಲ ಸ್ಕ್ಯಾನ್ ಸಾಮಾನ್ಯವಾಗಿ ಹನ್ನೆರಡು ವಾರದ ಹೊತ್ತಿಗೆ. ಅದರಲ್ಲಿ ಗೆಡ್ಡೆ ದೊಡ್ಡದಾಗಿ ಕಂಡರೂ ಕೆಲವರಲ್ಲಿ ಅದು ಒಳನುಗ್ಗಿದ ಟಿ ಕಣಗಳ ಊತ ಮಾತ್ರ. ರೋಗಿ ಲವಲವಿಕೆಯಿಂದಿದ್ದು ಊಟ, ತೂಕ ಸರಿಯಿದ್ದರೆ ನಾಲ್ಕರಿಂದ ಎಂಟು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ತೀರ್ಮಾನಿಸುವುದುಂಟು. ರೋಗಿ ಸೊರಗುತ್ತಿದ್ದರೆ ಕಾಯುವುದು ಸರಿಯಲ್ಲ, ಆಗ ಬಿಆರ್‌ಎಎಫ್, ಕಿಟ್ ಜೀನುಗಳ ಪರೀಕ್ಷೆಯ ಫಲಿತಾಂಶ ನೋಡಿ ಬೇರೆ ಮಾತ್ರೆಗೆ ಹೋಗಬೇಕಾದೀತು. ಆ ಪರೀಕ್ಷೆಯನ್ನು ಮೊದಲ ಬಯಾಪ್ಸಿಯ ಬ್ಲಾಕಿನಿಂದಲೇ (ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿಟ್ಟ ತುಂಡು) ಮಾಡಿಸಿಟ್ಟುಕೊಂಡರೆ ಆಗ ವಾರಗಳು ಉಳಿಯುತ್ತವೆ. ಆಸ್ಪತ್ರೆ ಬದಲಿಸುವಾಗ ವರದಿಯ ಜೊತೆ ಈ ಪ್ಯಾರಾಫಿನ್ ಬ್ಲಾಕನ್ನೂ ಕೇಳಿ ಪಡೆಯಿರಿ.

ಫ್ಲೂ ಲಸಿಕೆ ಹಾಕಿಸಬಹುದು, ಜೀವಂತ ಲಸಿಕೆಗಳನ್ನು ವೈದ್ಯರನ್ನು ಕೇಳದೆ ಬೇಡ. ಡೋಸ್‌ಗಳು ಮುಗಿದರೂ ಔಷಧಿ ಟಿ ಕಣಗಳ ಮೇಲೆ ತಿಂಗಳುಗಟ್ಟಲೆ ಕೂತಿರುತ್ತದೆ, ಅಡ್ಡಪರಿಣಾಮ ಆಮೇಲೂ ಬರಬಹುದು. ಪರ್ಸಿನ ಚೀಟಿಯನ್ನು ಕೊನೆಯ ಡೋಸಿನ ನಂತರ ಕಡಿಮೆಯೆಂದರೂ ಒಂದು ವರ್ಷ ತೆಗೆಯಬೇಡಿ.